ಸಂಪೂರ್ಣ ಕಾಲ್ಪನಿಕ

ಜುಲೈ 9

ಅಕ್ಕಾ,

ನಿನ್ನ ಕಾಗದ ಬಂದು ಐದು ವಾರವಾಯಿತು. ನಿಮ್ಮ ಲಾಂಡ್ರಿ ಹಾಸ್ಟೆಲಿನ ವಾರ್ಡನ್ ಎಲ್ಲರ ಫೋನುಗಳನ್ನೂ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾಳೆ, ಭಾನುವಾರ ಹತ್ತು ನಿಮಿಷ ತನ್ನ ಎದುರೇ ಮಾತಾಡಿಸುತ್ತಾಳೆ ಎಂದು ಗೊತ್ತು. ಆ ಹತ್ತು ನಿಮಿಷ ನೀನು 'ಹೂಂ, ಚೆನ್ನಾಗಿದೀನಿ' ಅನ್ನುವುದನ್ನು ಕೇಳಿದರೆ ಯಾರೋ ನಿನ್ನ ಕುತ್ತಿಗೆಯ ಮೇಲೆ ಕೈಯಿಟ್ಟು ಕೂತ ಹಾಗಿರುತ್ತದೆ. ಫೋನು ಬಿಡು, ಕಾಗದ ಬರಿ.

ಎಂ.ಎ. ಸೃಜನಶೀಲ ಬರವಣಿಗೆ ಅಂದರೆ ಅದೇನು ಓದ್ತೀಯೇ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ. ಹನ್ನೊಂದು ಜನ ಒಂದು ಉದ್ದ ಮೇಜಿನ ಸುತ್ತ ಕೂರುತ್ತೇವೆ. ಒಬ್ಬರ ಕತೆಯನ್ನು ವಾರ ಮೊದಲೇ ಎಲ್ಲರಿಗೂ ಹಂಚಿರುತ್ತಾರೆ. ಉಳಿದವರು ಅದನ್ನು ಕೊಯ್ಯುತ್ತಾರೆ. ಬರೆದವಳು ಮಾತ್ರ ಒಂದು ಗಂಟೆ ತುಟಿ ಪಿಟಕ್ಕೆನ್ನುವ ಹಾಗಿಲ್ಲ. ಅದು ಇಲ್ಲಿಯ ನಿಯಮ. ನಮ್ಮಂಥವರಿಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಲು ಎಂ.ಎ. ಬೇರೆ ಬೇಕಿತ್ತೇ?

ಮೊನ್ನೆ ನನ್ನ ಸರದಿ. ಪ್ರೊಫೆಸರಮ್ಮ ಕನ್ನಡಕ ತೆಗೆದಿಟ್ಟು, "ಇದರಲ್ಲಿರೋ ಭಯ ಎರವಲು ತಂದಿದ್ದಮ್ಮ. ನಿಜವಾಗ್ಲೂ ಹೆದರಿದವರು ಹೀಗೆ ಮಾತಾಡಲ್ಲ" ಎಂದರು. ಎಲ್ಲರೂ ತಲೆಯಾಡಿಸಿದರು. ಸೆಪ್ಟೆಂಬರ್ ಕೊನೆಗೆ ಅಂತಿಮ ಕೃತಿ ಒಪ್ಪಿಸಬೇಕು, ಒಂದೇ ಒಂದು ದೊಡ್ಡ ಕತೆ. ಅದು ಪಾಸಾಗದಿದ್ದರೆ ಪದವಿ ಇಲ್ಲ. ಅಮ್ಮ ಹೋದ ಮೇಲೆ ನೀನು ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ನನ್ನನ್ನು ಓದಿಸಿದ್ದು ಈ ಮೇಜಿನ ಮುಂದೆ ತಲೆ ತಗ್ಗಿಸಲಿಕ್ಕಾ ಅನ್ನಿಸಿತು.

ನೀನಿಟ್ಟ ಹೆಸರಿನವಳು,
ಹುಳ

ಜುಲೈ 28

ಹುಳವೇ,

ಪುಸ್ತಕದ ಹುಳ ಎಂದು ಕರೆದಿದ್ದಕ್ಕೆ ಈಗ ಪುಸ್ತಕ ತಿನ್ನುವುದು ಬಿಟ್ಟು ಬರೆಯಲು ಹೊರಟಿದ್ದೀಯ, ಒಳ್ಳೆಯದು. ಈ ಕಾಗದ ಓದಿ ಹರಿದು ಹಾಕು. ಮರೆಯಬೇಡ. ಇದನ್ನು ಒಗೆದ ಬಟ್ಟೆಯ ಮೂಟೆಗಳ ಹಿಂದೆ ಕೂತು ಬರೆಯುತ್ತಿದ್ದೇನೆ. ಗೇಟಿನಾಚೆ ಟೀ ಅಂಗಡಿಯವಳು ಅಂಚೆಗೆ ಹಾಕುತ್ತಾಳೆ. ನೀನೂ ಇನ್ನು ಮೇಲೆ ಅವಳ ಅಂಗಡಿ ವಿಳಾಸಕ್ಕೇ ಬರಿ.

ಗುಬ್ಬಿ ಗೊತ್ತಲ್ಲ, ನನ್ನ ಪಕ್ಕದ ಮಂಚದವಳು, ಫೋನಿನಲ್ಲಿ ನಿನಗೆ 'ಏನ್ ಕವಯಿತ್ರಿ, ನನ್ ಮೇಲೊಂದು ಪದ್ಯ ಕಟ್ಟು' ಎಂದು ರೇಗಿಸಿದವಳು. ಹೋಗಿಬಿಟ್ಟಳು. ಇವತ್ತಿಗೆ ಮೂರು ದಿನ.

ನಮ್ಮ ಲಾಂಡ್ರಿಗೆ ಆಸ್ಪತ್ರೆಗಳ, ಹೋಟೆಲುಗಳ ಚಾದರ ಬರುತ್ತವೆ ಎಂದು ಹೇಳಿದ್ದೆ. ಹಿಂಭಾಗದಲ್ಲಿ ಹಬೆಯಿಂದ ಇಸ್ತ್ರಿ ಮಾಡುವ ದೊಡ್ಡ ಯಂತ್ರ. ಅಲ್ಲಿ ಅವಳೊಬ್ಬಳೇ. ನಾವು ಮುಂದೆ, ಮಡಚುವ ಮೇಜಿನಲ್ಲಿ. ಮಧ್ಯಾಹ್ನ ಹಬೆ ಪೈಪು ನಡುವೆ ಒಡೆಯಿತು. ಅವಳು ಆಚೆ, ನಾವು ಈಚೆ. ಅವಳಿಗಿದ್ದದ್ದು ಹಿಂಬಾಗಿಲು ಒಂದೇ. ಅದಕ್ಕೆ ಪಾಳಿಯ ಹೊತ್ತಿನಲ್ಲಿ ಹೊರಗಿನಿಂದ ಬೀಗ. ಚಾದರ ಕದಿಯುತ್ತೇವಂತೆ.

ನಾನು ಅಂಗಳ ಸುತ್ತಿ ಹಿಂಬಾಗಿಲಿಗೆ ಓಡಿದೆ. ಕೀಲಿ ಸ್ಟೋರಿನವನ ಜೇಬಿನಲ್ಲಿ. ಅವನು ಊಟಕ್ಕೆ ಹೋಗಿದ್ದ. ಒಳಗಿನಿಂದ ಅವಳು ಬಾಗಿಲು ಬಡಿಯುತ್ತಿದ್ದಳು. ಈಚೆಯಿಂದ ನಾನೂ ಬಡಿಯುತ್ತಿದ್ದೆ. ಸ್ವಲ್ಪ ಹೊತ್ತಿಗೆ ನಾನೊಬ್ಬಳೇ ಬಡಿಯುತ್ತಿದ್ದೆ.

ಅವಳು ಹಾಸ್ಟೆಲ್ ಬಚ್ಚಲಿನಲ್ಲಿ ಬಿಸಿನೀರು ಸುರಿದುಕೊಂಡು ಸತ್ತಳು ಎಂದು ಮ್ಯಾನೇಜರ್ ಬರೆಸಿಕೊಂಡಿದ್ದಾನೆ. ಎಲ್ಲರೂ ಸಹಿ ಹಾಕಿದರು. ನನ್ನನ್ನಿನ್ನೂ ಕರೆದಿಲ್ಲ. ವಾರ್ಡನ್ ಚಪ್ಪಲಿ ಸದ್ದು ಕೇಳಿದರೆ ಈ ಕಾಗದವನ್ನು ಮೂಟೆಯೊಳಗೆ ತುರುಕುತ್ತೇನೆ.

ಹರಿದು ಹಾಕು.

ಅಕ್ಕ

ಆಗಸ್ಟ್ 6

ಅಕ್ಕಾ,

ಏನು ಬರೆಯಲಿ? ಊಟದ ತಟ್ಟೆ ಮುಂದಿಟ್ಟುಕೊಂಡು ಓದಿದೆ. ತಟ್ಟೆ ಹಾಗೆಯೇ ಇದೆ.

ಸಹಿಗೆ ಕರೆದರೆ ಏನು ಮಾಡುತ್ತೀಯ? ಮೈ ಹುಷಾರಿಲ್ಲ ಎಂದು ಮುಂದೂಡು. ಅಕ್ಕಾ, ಎಲ್ಲವನ್ನೂ ನನ್ನ ಹತ್ತಿರ ಹೇಳಿಕೋ, ಒಳಗಿಟ್ಟುಕೊಂಡರೆ ಕೊಳೆಯುತ್ತದೆ. ಬಾಗಿಲು ಮರದ್ದೋ ಕಬ್ಬಿಣದ್ದೋ? ಕೈಗೆ ಬಿಸಿ ತಾಕಿತಾ? ಸ್ಟೋರಿನವನು ಬಂದಾಗ ಏನಂದ? ಆಮೇಲೆ ನೀನು ಎಲ್ಲಿ ಕೂತೆ?

ಹುಳ

ಆಗಸ್ಟ್ 19

ಹುಳವೇ,

ನೀನು ಕೇಳಿದೆಯಲ್ಲ, ಅಷ್ಟಕ್ಕೇ ಎದೆ ಹಗುರಾಯಿತು. ಇಲ್ಲಿ ಯಾರೂ ಕೇಳುವುದಿಲ್ಲ. ಅವಳ ಮಂಚಕ್ಕೆ ಹೊಸಬಳು ಬಂದಿದ್ದಾಳೆ, 'ಇಲ್ಲಿ ಯಾರಿದ್ರು?' ಎಂದರೆ ಎಲ್ಲರೂ ಗೋಡೆ ನೋಡುತ್ತಾರೆ.

ಕಬ್ಬಿಣದ ಬಾಗಿಲು, ಹಸಿರು ಬಣ್ಣ. ಬಡಿಯುತ್ತಿದ್ದಾಗ ಬಿಸಿ ಗೊತ್ತಾಗಲಿಲ್ಲ, ಸಂಜೆ ನೋಡಿದರೆ ಎರಡೂ ಅಂಗೈಯಲ್ಲಿ ಬೊಬ್ಬೆ. ಸ್ಟೋರಿನವನು ಬಾಯಿ ಒರೆಸಿಕೊಳ್ಳುತ್ತಾ ಬಂದ. "ಏನಮ್ಮ, ಬಾಗಿಲು ಮುರೀತೀಯಾ? ಕಂಪನಿ ಬಾಗಿಲು ಅದು" ಎಂದ. ಕೀಲಿ ಹಾಕುವಾಗ ಅವನಿಗೇ ಎರಡು ಸಲ ತಪ್ಪಿತು. ಪಾಪದವನು, ಮರುದಿನದಿಂದ ರಜೆ ಮೇಲೆ ಕಳಿಸಿದ್ದಾರೆ, ಎಲ್ಲಿಗೆಂದು ಯಾರಿಗೂ ಗೊತ್ತಿಲ್ಲ. ನಾನು ಎಲ್ಲಿ ಕೂತೆ ಅಂದೆಯಲ್ಲ. ಕೂರಲಿಲ್ಲ. ಪಾಳಿ ಮುಗಿದಿರಲಿಲ್ಲ. ಇನ್ನೂರು ಚಾದರ ಮಡಚಿದೆ.

ಗುಬ್ಬಿಯ ಅವ್ವ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟಿದ್ದಾಳಂತೆ. ಅಧಿಕಾರಿ ಬಂದು ಒಬ್ಬೊಬ್ಬರನ್ನೇ ಕೇಳುತ್ತಾರಂತೆ. ಸಹಿಗೆ ನನ್ನನ್ನಿನ್ನೂ ಕರೆದಿಲ್ಲ, ಅಧಿಕಾರಿ ಕೇಳಿದರೆ ಏನು ಹೇಳಲಿ?

ಅಕ್ಕ

ಅಕ್ಟೋಬರ್ 2

ಅಕ್ಕಾ,

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣವಿದೆ. ಬೈಯಬೇಡ, ಪೂರ್ತಿ ಓದು.

ಗುಬ್ಬಿಯ ಕತೆ ಬರೆದೆ. ಅದನ್ನೇ ಅಂತಿಮ ಕೃತಿಯಾಗಿ ಒಪ್ಪಿಸಿದೆ. ಹೆದರಬೇಡ, ಯಾರ ಗುರುತೂ ಇಲ್ಲ, ಲಾಂಡ್ರಿ ಬದಲು ಬಣ್ಣದ ಕಾರ್ಖಾನೆ ಮಾಡಿದ್ದೇನೆ. ಅದನ್ನು ಮೇಜಿನ ಮುಂದೆ ಇಟ್ಟ ದಿನ ಒಬ್ಬ, "ಬೆಂದ ಅಂಗೈ ಒಳ್ಳೆ ರೂಪಕ" ಎಂದ. ಇನ್ನೊಬ್ಬಳು, "ಬೀಗ ಸ್ವಲ್ಪ ಹಳೇ ಸಂಕೇತ ಆಯ್ತು" ಎಂದಳು. ನನ್ನ ನಾಲಿಗೆ ತುದಿಯಲ್ಲಿ ಬಂದಿತ್ತು: ರೂಪಕ ಅಲ್ಲ ಕಣ್ರೋ, ಚರ್ಮ ಅದು, ನನ್ನಕ್ಕನ ಚರ್ಮ. ಆದರೆ ಬರೆದವಳು ಮಾತಾಡುವ ಹಾಗಿಲ್ಲವಲ್ಲ. ನುಂಗಿಕೊಂಡೆ. ಪ್ರೊಫೆಸರಮ್ಮ ಬಾಗಿಲು ಬಡಿಯುವ ವಾಕ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ, "ಇದನ್ನ ಯಾರೂ ಹೇಳಿಕೊಡಕ್ಕಾಗಲ್ಲ" ಎಂದರು. ವಿಭಾಗದ ಸೆಪ್ಟೆಂಬರಿನ ವಾರ್ಷಿಕ ಸಂಚಿಕೆಯಲ್ಲೂ ಹಾಕಿದ್ದಾರೆ, ಅಂತರ್ಜಾಲದಲ್ಲೂ ಇದೆ. ಕೊನೆಯಲ್ಲಿ ಲೇಖಕಿಯ ಬಗ್ಗೆ ಎರಡು ಸಾಲು ಕೇಳಿದರು, 'ಅಕ್ಕ ಲಾಂಡ್ರಿಯೊಂದರಲ್ಲಿ ದುಡಿಯುತ್ತಾರೆ' ಎಂದು ಬರೆದೆ. ಹೆಮ್ಮೆಗೆ ಬರೆದೆ, ಅಕ್ಕಾ.

ಎಲ್ಲ ಕೃತಿಗಳಿಗೂ ಒಂದು ಘೋಷಣೆಗೆ ಸಹಿ ಹಾಕುವ ಪದ್ಧತಿಯಿದೆ: 'ಇದರಲ್ಲಿನ ವ್ಯಕ್ತಿಗಳು, ಘಟನೆಗಳು ಸಂಪೂರ್ಣ ಕಾಲ್ಪನಿಕ. ಬರಹ ನನ್ನ ಸ್ವಂತದ್ದು.' ಅದೂ ಅಚ್ಚಾಗಿದೆ. ಹಾಗಾಗಿ ನಿನಗೆ ಯಾವ ತೊಂದರೆಯೂ ಇಲ್ಲ. ಅದೇ ರಕ್ಷಣೆ.

ಹುಳ

ಅಕ್ಟೋಬರ್ 15

ನಾನು ಹರಿದು ಹಾಕು ಎಂದಿದ್ದೆ.

ನನಗಾಗಿ ಸಂಕಟಪಟ್ಟು ಕೇಳುತ್ತಿದ್ದೀಯ ಅಂದುಕೊಂಡಿದ್ದೆ. ಅಳತೆ ತೆಗೆದುಕೊಳ್ಳುತ್ತಿದ್ದೆಯಾ?

ಬೈಯಲು ಹೊತ್ತಿಲ್ಲ. ಹನ್ನೊಂದನೇ ತಾರೀಕು ಅಧಿಕಾರಿ ಬಂದಿದ್ದರು. ಮೂವತ್ತೆರಡು ಜನ ಬಚ್ಚಲು ಎಂದರು. ಗುಬ್ಬಿಯ ಅವ್ವ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು, ಒಳಗೆ ಹೋಗುವಾಗ ನನ್ನ ಕೈ ಹಿಡಿದುಕೊಂಡಳು. ಒಳಗೆ ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಯಾಕೆ ಹೇಳಿದೆನೋ ಗೊತ್ತಿಲ್ಲ. ಧೈರ್ಯ ಅಂದುಕೊಳ್ಳಬೇಡ. ಹೊರಗೆ ಬಂದು ಗುಬ್ಬಿಯ ಅವ್ವನ ಮುಖ ನೋಡದೆ ಪಾಳಿಗೆ ಓಡಿದೆ.

ಅಕ್ಕ

ನವೆಂಬರ್ 3

ಹುಳವೇ,

ನಿನ್ನಿಂದ ಉತ್ತರವಿಲ್ಲ. ನಾನು ಗದರಿದ್ದಕ್ಕೆ ಮುನಿಸಿಕೊಂಡೆಯೋ ಏನೋ. ಮುನಿಸು ಆಮೇಲೆ, ಇದನ್ನು ಓದು.

ನಿನ್ನೆ ಮ್ಯಾನೇಜರ್ ರೂಮಿಗೆ ಕರೆಸಿದರು. ಕಂಪನಿ ಲಾಯರು ಕೂತಿದ್ದ. ಒಂದು ಕೈಯಲ್ಲಿ ನನ್ನ ಹೇಳಿಕೆ, ಇನ್ನೊಂದು ಕೈಯಲ್ಲಿ ನಿನ್ನ ಕತೆ. "ತಂಗಿ ಚೆನ್ನಾಗಿ ಬರೀತಾಳಮ್ಮ" ಎಂದ, ಹೊಗಳುವವನ ಹಾಗೇ. ಆಮೇಲೆ ಎರಡನ್ನೂ ಓದಿದ. 'ಸ್ವಲ್ಪ ಹೊತ್ತಿಗೆ ನಾನೊಬ್ಬಳೇ ಬಡಿಯುತ್ತಿದ್ದೆ.' ಅಲ್ಲೂ ಅದೇ, ಇಲ್ಲೂ ಅದೇ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲ. "ಕತೆ ಸೆಪ್ಟೆಂಬರಿನದು. ನಿನ್ನ ಹೇಳಿಕೆ ಅಕ್ಟೋಬರಿನದು. ಕತೆ ಬರೆದವಳೇ ಸಂಪೂರ್ಣ ಕಾಲ್ಪನಿಕ ಅಂತ ಸಹಿ ಹಾಕಿದಾಳೆ. ಅಂದ್ಮೇಲೆ ನೀನು ತಂಗಿ ಕತೆ ಬಾಯಿಪಾಠ ಮಾಡ್ಕೊಂಡು ಬಂದು ಒಪ್ಪಿಸಿದೀಯ, ಅಲ್ವಾ?"

ನನ್ನ ಮಾತೇ ನನಗೆ ಸಾಕ್ಷಿ ಹೇಳಲು ಬಾರದೆ ಅವನ ಕೈಯಲ್ಲಿ ಕೂತಿತ್ತು.

ಇಪ್ಪತ್ತನಾಲ್ಕಕ್ಕೆ ಅಧಿಕಾರಿಯ ಮುಂದೆ ವಿಚಾರಣೆ. ಅಲ್ಲಿ ನಾನು ಸುಳ್ಳುಗಾತಿ ಎಂದಾದರೆ ಕೆಲಸ ಹೋಗುತ್ತದೆ, ಸುಳ್ಳು ಹೇಳಿಕೆಗೆ ಪೊಲೀಸು ಎಂದೂ ಹೇಳಿದ. ಗುಬ್ಬಿ ಬಚ್ಚಲಲ್ಲೇ ಸತ್ತ ಹಾಗಾಗುತ್ತದೆ. ಇವತ್ತಿನಿಂದ ನನ್ನನ್ನು ಹಿಂಭಾಗದ ಯಂತ್ರಕ್ಕೆ ಹಾಕಿದ್ದಾರೆ. ಒಬ್ಬಳೇ. ಹಿಂಬಾಗಿಲಿಗೆ ಬೀಗ ಹಾಗೆಯೇ ಇದೆ. ಪೈಪಿಗೆ ಪಟ್ಟಿ ಸುತ್ತಿದ್ದಾರೆ. ಪೈಪು ಸುಯ್ ಎಂದಾಗಲೆಲ್ಲ ನಾನು ಬಾಗಿಲಿನ ಕಡೆ ನೋಡುತ್ತೇನೆ, ಆಮೇಲೆ ನೋಡಿ ಏನು ಪ್ರಯೋಜನ ಎಂದು ನೆನಪಾಗುತ್ತದೆ.

ಅಕ್ಕ

ನವೆಂಬರ್ 9

ಅಕ್ಕಾ,

ಮುನಿಸಲ್ಲ. ನಾಚಿಕೆ. ನಾಲ್ಕು ಸಲ ಬರೆಯಲು ಕೂತು ಎದ್ದೆ.

ನಿನ್ನ ಕಾಗದ ನಾನು ಹರಿಯಲಿಲ್ಲ. ಜುಲೈ, ಆಗಸ್ಟಿನ ಎರಡೂ ಕಾಗದ ಕವರಿನ ಸಮೇತ ನನ್ನ ಹತ್ತಿರ ಇವೆ. ಮೊದಲನೆಯದರ ಮೇಲೆ ಜುಲೈ 29ರ ಅಂಚೆ ಮುದ್ರೆ ಇದೆ. ಕತೆಯಲ್ಲಿ ನಾಲ್ಕು ಪುಟ ನಿನ್ನವು, ಇದ್ದ ಹಾಗೇ ಇಳಿಸಿದ್ದೇನೆ. ತಿದ್ದಲು ನೋಡಿದೆ, ನಾನು ಮುಟ್ಟಿದ ಕಡೆಯೆಲ್ಲ ವಾಕ್ಯ ಸತ್ತುಹೋಗುತ್ತಿತ್ತು. ಎಲ್ಲರೂ ಹೊಗಳಿದ ವಾಕ್ಯ ನಿನ್ನದು. ನನ್ನದು ಆಕಾಶದ ವರ್ಣನೆ, ಅದನ್ನು ಯಾರೂ ಹೊಗಳಲಿಲ್ಲ.

ಪ್ರೊಫೆಸರಮ್ಮನ ಹತ್ತಿರ, ಪೂರ್ತಿ ಬಿಡಿಸದೆ, ಕೇಳಿ ನೋಡಿದೆ. "ಘಟನೆ ನಿಜ ಅಂದ್ರೆ ಏನೂ ಆಗಲ್ಲ, ಎಲ್ಲರೂ ಜೀವನದಿಂದಲೇ ಬರೆಯೋದು. ಇನ್ನೊಬ್ಬರ ವಾಕ್ಯ ಅಂದ್ರೆ ಅದು ಕೃತಿಚೌರ್ಯ. ಕಮಿಟಿ. ಹೋದ ವರ್ಷ ಎರಡು ಪ್ಯಾರಾಕ್ಕೆ ಒಬ್ಬನ್ನ ಹೊರಗೆ ಹಾಕಿದ್ವಿ" ಎಂದರು. ಎಂದು ನನ್ನ ಮುಖವನ್ನೇ ನೋಡಿದರು.

ನಾನು ಬಂದು ಅಧಿಕಾರಿಯ ಮುಂದೆ 'ಅಕ್ಕ ಹೇಳಿದ್ದನ್ನೇ ಕತೆ ಮಾಡಿದೆ' ಎಂದು ಬಾಯಲ್ಲಿ ಹೇಳುತ್ತೇನೆ. ಕಾಗದ ತೋರಿಸುವುದು ಬೇಡ. ಬಾಯಿಮಾತು ಸಾಲುವುದಿಲ್ಲವೇ? ಸಾಲುತ್ತದೆ ಎಂದು ಹೇಳು, ಅಕ್ಕಾ.

ಹುಳ

ನವೆಂಬರ್ 14

ಹುಳವೇ,

ಸಾಲುವುದಿಲ್ಲ. ತಂಗಿ ಅಕ್ಕನ ಪರ ಹೇಳಿದರೆ ಯಾವ ಅಧಿಕಾರಿ ಬರೆದುಕೊಳ್ಳುತ್ತಾನೆ?

ನೀನು ಬರಬೇಡ. ಮೂಟೆಗಳ ಹಿಂದೆ ಕೂತು ಯೋಚನೆ ಮಾಡಿದೆ. ಮ್ಯಾನೇಜರ್ ಒಂದು ಕಾಗದ ಬರೆದಿಟ್ಟಿದ್ದಾನೆ: 'ನಾನು ಕಣ್ಣಾರೆ ನೋಡಿಲ್ಲ, ತಂಗಿಯ ಕತೆ ಕೇಳಿ ಮನಸ್ಸು ಕೆಟ್ಟು ಹಾಗೆ ಹೇಳಿದೆ.' ಅದಕ್ಕೆ ಸಹಿ ಹಾಕಿದರೆ ನನ್ನನ್ನು ಮುಂದಿನ ಮೇಜಿಗೆ ಹಾಕುತ್ತಾನೆ, ನಿನ್ನ ಸುದ್ದಿಗೆ ಬರುವುದಿಲ್ಲ. ಇಪ್ಪತ್ತಮೂರರ ಬೆಳಿಗ್ಗೆ ಹಾಕು ಎಂದಿದ್ದಾನೆ. ಹಾಕುತ್ತೇನೆ.

ಸತ್ತವಳು ಮತ್ತೆ ಸಾಯುವುದಿಲ್ಲ. ನಿನಗೆ ಪದವಿ ಎರಡನೇ ಸಲ ಯಾರೂ ಕೊಡುವುದಿಲ್ಲ. ನನಗೂ ಆ ಯಂತ್ರದ ಹತ್ತಿರ ನಿಲ್ಲಲು ಆಗುತ್ತಿಲ್ಲ, ಮೊನ್ನೆ ಪೈಪು ಸೀಟಿ ಹೊಡೆದಾಗ ನಿಂತಲ್ಲೇ ಒದ್ದೆ ಮಾಡಿಕೊಂಡೆ. ಮೂವತ್ತನಾಲ್ಕು ವರ್ಷದವಳು. ಯಾರಿಗೂ ಹೇಳಬೇಡ. ಕತೆಯಲ್ಲೂ ಬರೆಯಬೇಡ.

ಅಕ್ಕ

ನವೆಂಬರ್ 18

ಅಕ್ಕಾ,

ಸಹಿ ಹಾಕಬೇಡ.

ಇವತ್ತು ಹನ್ನೊಂದು ಗಂಟೆಗೆ ಪ್ರೊಫೆಸರಮ್ಮನ ಮೇಜಿನ ಮೇಲೆ ನಿನ್ನ ಕಾಗದಗಳ ನಕಲು ಇಟ್ಟೆ. ನನ್ನ ಕತೆಯಲ್ಲಿ ನಿನ್ನ ಸಾಲುಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದೆ. ಅವರು ಓದಿದರು. ತುಂಬ ಹೊತ್ತು ಓದಿದರು. "ಇದನ್ನ ನೀನು ನನಗೆ ಕೊಡದೇ ಇದ್ದಿದ್ರೆ ಚೆನ್ನಾಗಿತ್ತು" ಎಂದರು. "ನಂಗೂ ಹಾಗೇ ಅನ್ನಿಸುತ್ತೆ ಮೇಡಂ" ಎಂದೆ. ಕಮಿಟಿಗೆ ಕಳಿಸಿದರು.

ಯಾಕೆ ಕೊಟ್ಟೆ ಎಂದರೆ, ವಿಚಾರಣೆಯಲ್ಲಿ ಅಸಲು ಕಾಗದ ತೋರಿಸಿದ ಮರುಗಳಿಗೆ ಆ ಲಾಯರು ಇಲ್ಲಿಗೆ ಫೋನು ಮಾಡುತ್ತಾನೆ. ಅವನು ನನ್ನನ್ನು ಹೆದರಿಸಲು ಏನೂ ಉಳಿಯಬಾರದು. ಹೆದರಿಕೆ ಹೋಗಿದೆ ಎಂದಲ್ಲ. ಅಕ್ಷರಗಳು ಹೇಗೆ ಬಿದ್ದಿವೆ ನೋಡು.

ಈ ಕಾಗದ ಇಪ್ಪತ್ತೆರಡಕ್ಕೆ ಟೀ ಅಂಗಡಿಗೆ ಮುಟ್ಟಬೇಕು. ಮುಟ್ಟದಿದ್ದರೆ? ವಾರ್ಡನ್‌ಗೆ ಫೋನು ಮಾಡಿ 'ಅಕ್ಕನಿಗೆ ಕೊಡಿ' ಎಂದೆ, "ಭಾನುವಾರ" ಎಂದು ಇಟ್ಟುಬಿಟ್ಟಳು, ಆಗಲೂ ಅವಳ ಎದುರೇ ಮಾತಾಡಬೇಕು. ನಾನೇ ಬಸ್ಸು ಹತ್ತುತ್ತೇನೆ. ಇಪ್ಪತ್ತಮೂರರ ಬೆಳಿಗ್ಗೆ ಗೇಟಿನ ಮುಂದೆ ಇರುತ್ತೇನೆ. ನನ್ನ ಮುಖ ಕಾಣುವವರೆಗೆ ಪೆನ್ನು ಮುಟ್ಟಬೇಡ.

ಹುಳ

ಡಿಸೆಂಬರ್ 2

ಅಕ್ಕಾ,

ಊಟ ಮಾಡುತ್ತಿದ್ದೀಯಾ? ಸದ್ಯ, ನೀನು ಸಹಿ ಹಾಕುವ ಮೊದಲೇ ನಾನು ಗೇಟಿಗೆ ಮುಟ್ಟಿದೆ. ವಿಚಾರಣೆಯಲ್ಲಿ ಅಧಿಕಾರಿ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದು ಅಂಚೆ ಮುದ್ರೆ ಓದಿದಾಗ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ಲಾಯರು ಎದ್ದು, "ಅಕ್ಕನ ಬರಹ ಕದ್ದು ತನ್ನದು ಅಂದವಳ ಮಾತು ನಂಬ್ತೀರಾ ಸಾರ್?" ಎಂದಾಗ ಅವರು, "ಅವಳ ಮಾತು ಯಾರ್ರೀ ನಂಬಿದ್ರು, ನಾನು ಮುದ್ರೆ ಓದ್ತಿದೀನಿ" ಎಂದರಲ್ಲ, ಆಗ ನಿನ್ನ ತುಟಿ ಸ್ವಲ್ಪ ಅಲುಗಿತು. ನಕ್ಕೆಯಾ ಅತ್ತೆಯಾ ಗೊತ್ತಾಗಲಿಲ್ಲ. ಹಿಂಬಾಗಿಲ ಬೀಗ ತೆಗೆಸಿದ್ದಾರಾ? ತೀರ್ಪು ಇನ್ನೂ ಬಾಕಿಯಿದ್ದರೂ ಅಧಿಕಾರಿ ಅದಕ್ಕೆ ಅವತ್ತೇ ಅಪ್ಪಣೆ ಕೊಟ್ಟಿದ್ದರು. ಮೊದಲು ಅದನ್ನು ಬರಿ.

ಈಗ ಒಂದು ಮಾತು ಕೇಳುತ್ತೇನೆ. ಕಮಿಟಿಯವರು ನಿನಗೆ ಟೀ ಅಂಗಡಿ ವಿಳಾಸಕ್ಕೆ ಕಾಗದ ಬರೆದಿದ್ದಾರೆ. 'ಈ ಬರಹ ಬಳಸಿಕೊಳ್ಳಲು ನೀವು ತಂಗಿಗೆ ಅನುಮತಿ ಕೊಟ್ಟಿದ್ದಿರಾ' ಎಂದು ಒಂದೇ ಪ್ರಶ್ನೆ. ಕೊಟ್ಟಿದ್ದೆ ಎಂದು ನೀನು ಬರೆದರೆ ಕತೆ ತಿರುಗಿ ಬರೆಸಿ ಪಾಸು ಮಾಡುತ್ತಾರೆ. ಇಲ್ಲವಾದರೆ ಹೆಸರು ಹೊಡೆದು ಹಾಕುತ್ತಾರೆ, ಇನ್ನು ಯಾವ ವಿಶ್ವವಿದ್ಯಾಲಯವೂ ಸೇರಿಸುವುದಿಲ್ಲ. ಅವತ್ತು ಧೈರ್ಯದ ಮಾತಾಡಿದೆ, ನಿಜ. ಈಗ ಹಾಸ್ಟೆಲ್ ಬಾಗಿಲಿಗೆ ನೋಟೀಸು ಅಂಟಿಸಿದ್ದಾರೆ, ಅದು ಕಾಣದ ಹಾಗೆ ತಲೆ ತಗ್ಗಿಸಿ ಹಾದುಹೋಗುತ್ತೇನೆ. ಮೇಜಿನ ಸುತ್ತ ಕೂತವರು ಯಾರೂ ಮಾತಾಡಿಸುವುದಿಲ್ಲ. ಎರಡೇ ಪದ, ಅಕ್ಕಾ. 'ಹೌದು, ಕೊಟ್ಟಿದ್ದೆ.' ಬರಿ. ಕಾಲಿಗೆ ಬೀಳುತ್ತೇನೆ.

ಹುಳ

ಡಿಸೆಂಬರ್ 11

ಹುಳವೇ,

ಬೀಗ ತೆಗೆದಿದ್ದಾರೆ. ಬಾಗಿಲ ಹೊರಗೆ ಒಬ್ಬನನ್ನು ಕುರ್ಚಿ ಹಾಕಿ ಕೂರಿಸಿದ್ದಾರೆ, ನಾನು ಬಚ್ಚಲಿಗೆ ಹೋದರೂ ಗಡಿಯಾರ ನೋಡಿ ಬರೆದುಕೊಳ್ಳುತ್ತಾನೆ. ಊಟಕ್ಕೆ ನನ್ನ ಪಕ್ಕ ಈಗಲೂ ಯಾರೂ ಕೂರುವುದಿಲ್ಲ. ನಿನ್ನೆ ಮಡಚುವ ಮೇಜಿನವಳೊಬ್ಬಳು ನೀರಿನ ನಲ್ಲಿಯ ಹತ್ತಿರ, ನನ್ನ ಮುಖ ನೋಡದೆ, "ಬಡಿದ ಸದ್ದು ನಂಗೂ ಕೇಳ್ಸಿತ್ತು" ಎಂದಳು. ಅಷ್ಟೇ ಎಂದು ಹೋದಳು. ಹೇಳಿಕೆ ಕೊಡುತ್ತಾಳೋ ಇಲ್ಲವೋ ಗೊತ್ತಿಲ್ಲ.

ನಿನ್ನ ಕಮಿಟಿಯ ಕಾಗದ ಎಂಟನೇ ತಾರೀಕು ಬಂತು. ಮೂರು ದಿನ ರವಿಕೆಯೊಳಗೆ ಇಟ್ಟುಕೊಂಡು ಓಡಾಡಿದೆ. ಎರಡೇ ಪದ ಎಂದೆ. ಬರೆಯಲು ಕೂತೆ ಕೂಡ. ನಿನಗೆ ಜಡೆ ಹಾಕಿದ ಕೈ ಇದು, ನಿನ್ನ ಹೆಸರು ಹೊಡೆದು ಹಾಕಲು ಎತ್ತುತ್ತದೆಯೇ?

ಆದರೆ ನೀನೇ ಯೋಚಿಸು. ಅಧಿಕಾರಿಯ ಕಡತದಲ್ಲಿ ನನ್ನ ಜುಲೈ ಕಾಗದ ಇದೆ. ಅದರಲ್ಲಿ ನನ್ನ ಕೈಯಲ್ಲೇ 'ಹರಿದು ಹಾಕು' ಎಂದು ಎರಡು ಸಲ ಬರೆದಿದೆ. ಹರಿದು ಹಾಕು ಎಂದವಳು ಅಚ್ಚು ಹಾಕಿಸು ಎಂದು ಅನುಮತಿ ಕೊಟ್ಟಳಂತೆ ಎಂದು ಆ ಲಾಯರು ನಿನ್ನ ಕಮಿಟಿಯಿಂದ ಕಾಗದ ತರಿಸಿ ಎರಡನ್ನೂ ಒಟ್ಟಿಗೆ ಹಿಡಿದರೆ? ಅವನು ಹಿಡಿದೇ ಹಿಡಿಯುತ್ತಾನೆ, ಅದೇ ಅವನ ಕಸುಬು. ಇದರಲ್ಲಿ ಸುಳ್ಳು ಬರೆದವಳು ಅದರಲ್ಲೂ ಸುಳ್ಳೇ ಬರೆದಿದ್ದಾಳೆ ಎನ್ನುತ್ತಾನೆ. ಗುಬ್ಬಿ ಮತ್ತೆ ಬಚ್ಚಲಿಗೆ ಹೋಗುತ್ತಾಳೆ. ನಾನು ನಿನಗೊಂದು ಸಣ್ಣ ಸುಳ್ಳು ಕೊಡುವಷ್ಟೂ ಈಗ ನನ್ನ ಕೈಯಲ್ಲಿ ಸಡಿಲವಿಲ್ಲ.

ಇವತ್ತು ಬೆಳಿಗ್ಗೆ ಬರೆದು ಟೀ ಅಂಗಡಿಯವಳ ಕೈಗೆ ಕೊಟ್ಟೆ. ಬರೆದದ್ದು ಇಷ್ಟು: 'ಆ ಮಾತುಗಳು ನನ್ನವು. ತಂಗಿಗೆ ಕಾಗದದಲ್ಲಿ ಬರೆದಿದ್ದೆ. ಅವಳು ನನ್ನನ್ನು ಕೇಳದೆ ತೆಗೆದುಕೊಂಡಳು. ನಡೆದದ್ದು ನಿಜ.'

ನಾಲ್ಕು ವಾಕ್ಯ. ನಿನ್ನ ಪದವಿ ಮೂರನೆಯದರಲ್ಲಿ ಹೋಯಿತು. ಅದನ್ನು ಬಿಟ್ಟು ಬರೆದು ನೋಡಿದೆ, ನಾಲ್ಕನೆಯದು ನಿಲ್ಲಲಿಲ್ಲ.

ಅಕ್ಕ